ಕ್ಲಾಂಗಿನ ಬ್ಯಾಪ್ಟಿಸ್ಟರೂ ಮುಳುಗದ ನನ್ನ ತಂಗಿಯೂ

ಗದಗಿನಿಂದ ಬೆಂಗಳೂರಿಗೆ ರೈಲಿನಲ್ಲಿ ಇಡೀ ಒಂದು ರಾತ್ರಿ ಹಿಡಿಯಿತು. ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ವಿಮಾನದಲ್ಲಿ ನಾಲ್ಕು ತಾಸು. ಬೆಂಗಳೂರಿಗೆ ಗದಗಿಗಿಂತ ಮಲೇಶಿಯಾ ಹತ್ತಿರ ಎಂಬ ಭೌಗೋಳಿಕ ಸತ್ಯ ಹೀಗೆ ನನಗೆ ಎಪ್ಪತ್ತರ ವಯಸ್ಸಿನಲ್ಲಿ ದರ್ಶನವಾಯಿತು. ಅಗ್ಗದ ವಿಮಾನ. ಹೋಗಿ ಬರಲು ಹದಿನೆಂಟು ಸಾವಿರ ರೂಪಾಯಿ. ಆ ದರದಲ್ಲಿ ಕುರ್ಚಿಯ ಮೇಲೆ ಕೂರುವ ಹಕ್ಕು ಮಾತ್ರ ಸೇರಿತ್ತು. ಕುಡಿಯುವ ನೀರಿಗೆ ಬೇರೆ, ಕಾಲು ಚಾಚುವ ಜಾಗಕ್ಕೆ ಬೇರೆ. ನಾನು ಬಾಯಾರಿ, ಮಂಡಿ ಮಡಚಿ, ಅತ್ಯಂತ ಘನತೆಯಿಂದ ಬಂಗಾಳ ಕೊಲ್ಲಿಯನ್ನು ದಾಟಿದೆ.

ಹೊರಟದ್ದು ಕ್ವಾಲಾಲಂಪುರದ ಜೋಡಿ ಗೋಪುರ ನೋಡಲಿಕ್ಕಲ್ಲ. ನನ್ನ ತಂಗಿ ಕರುಣಾ ಕ್ಲಾಂಗ್ ಎಂಬ ಊರಿನಲ್ಲಿದ್ದಾಳೆ. ಬೆಂಗಳೂರಿಗೆ ಓದಲು ಬಂದಿದ್ದ ಅಲ್ಲಿಯ ತಮಿಳು ಹುಡುಗನೊಬ್ಬನನ್ನು ಮದುವೆಯಾಗಿ ಹೋದವಳು. ಅವನು ತೀರಿಕೊಂಡ ಮೇಲೂ ಅಲ್ಲೇ ಉಳಿದವಳು. ಕಳೆದ ತಿಂಗಳು ಆಕೆಯ ಫೋನು ಬಂತು. "ಅಣ್ಣಾ, ನಮ್ಮ ಸಭೆದ ಇತಿಹಾಸ ಬರದು ಗ್ವಾಡಿಗೆ ಹಾಕ್ಯಾರ. ನೀ ಜಲ್ಮಗಟ್ಲೆ ಸಾಲ್ಯಾಗ ಇತಿಹಾಸ ಕಲಿಸಿದಾಂವ. ಬಂದು ಒಮ್ಮೆ ಓದು. ಹಳೇ ಹಾಲ್ ಕೆಡವೋದ್ರೊಳಗ ಬಾ." ಇಷ್ಟು ಹೇಳಿ ಫೋನು ಇಟ್ಟಳು. ನನ್ನ ತಂಗಿ ಸಿಟ್ಟಾದಾಗ ಕೂಗುವವಳಲ್ಲ. ವಾಕ್ಯಗಳನ್ನು ಗಿಡ್ಡ ಮಾಡುತ್ತಾಳೆ. ಇವು ಬಹಳ ಗಿಡ್ಡ ವಾಕ್ಯಗಳಾಗಿದ್ದವು.

ವಿಮಾನ ನಿಲ್ದಾಣಕ್ಕೆ ಸೋದರ ಸೊಸೆ ಲಿಡಿಯಾ ಕಾರು ತಂದಿದ್ದಳು. ಕರುಣಾಳ ಒಬ್ಬಳೇ ಮಗಳು, ಸೈಬರ್‌ಜಯಾದಲ್ಲಿ ಕಂಪ್ಯೂಟರ್ ಕೆಲಸ. ಒಳಗೆ ನಡುಗುವಷ್ಟು ತಂಪು. ಹೊರಗೆ ಬಂದರೆ ಕನ್ನಡಕದ ಮೇಲೆ ಆವಿ ಕಟ್ಟಿ ಕುರುಡಾದೆ. ಕ್ಲಾಂಗಿಗೆ ಒಂದು ತಾಸಿನ ದಾರಿ, ದಾರಿಯುದ್ದಕ್ಕೂ ಎಣ್ಣೆ ತಾಳೆಯ ತೋಟ, ನಡುನಡುವೆ ಟೋಲ್ ಗೇಟು. ಲಿಡಿಯಾಳ ಕನ್ನಡ ತಾಯಿಯಿಂದ ಬಂದ ಬೆಟಗೇರಿಯದು, ಇಂಗ್ಲಿಷು ಮಲೇಶಿಯಾದ್ದು, ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ.

"ಮಾಮಾ, ಅಮ್ಮ ಸುಮ್ನ ಓವರ್‌ರಿಯಾಕ್ಟ್ ಮಾಡಾಕ್ಹತ್ಯಾಳ, ಲಾ. ಸಂಡೇ ನೀವ ನೋಡ್ರಿ, ಚರ್ಚ್‌ನಾಗ ಒಂದು ಕಾರ್ ನಿಲ್ಸಾಕ ಜಾಗ ಇಲ್ಲ. ಲಾಸ್ಟ್ ವೀಕ್ ನನ್ನ ಕಾರಿಗೆ ಪೋಲೀಸ್ ಸಮನ್ ಹಚ್ಚಿ ಹೋದ್ರು."

ಮಾತಿನ ತುದಿಗೆ 'ಲಾ' ಹಚ್ಚುವುದು ಇಲ್ಲಿಯ ಪದ್ಧತಿ. ನಮ್ಮಲ್ಲಿ 'ರೀ' ಇದ್ದಂತೆ, ಮರ್ಯಾದೆಯನ್ನು ಕಳೆದು.

"ಅಂದ್ರ ಹಾಲ್ ಕೆಡವಿ ಕಾರ್ ನಿಲ್ಸೋರು ನೀವು?" ಎಂದೆ.

"ನಾನೊಬ್ಬಾಕಿ ಅಲ್ಲ, ಮಾಮಾ. ವೋಟಿಂಗ್ ಐತಿ. ಡೆಮಾಕ್ರಸಿ."

ಮರುದಿನ, ಶುಕ್ರವಾರ, ಬೆಳಿಗ್ಗೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ಮತ್ತು ಖಾರದ ಸಂಬಾಲ್ ಚಟ್ನಿ ತಿಂದು ತಂಗಿಯೊಡನೆ ಸಭೆಗೆ ಹೋದೆ. ಸಭೆ ಎಂದರೆ ಇವರ ಮಾತಿನಲ್ಲಿ ಚರ್ಚು. ಕಟ್ಟಡವಲ್ಲ, ಅದರೊಳಗಿನ ಜನ. ರಸ್ತೆಯ ಕಡೆಗೆ ಗಾಜಿನ ಹೊಸ ಕಟ್ಟಡ, ಒಳಗೆ ಏಸಿ, ಇಂಗ್ಲಿಷ್ ಆರಾಧನೆ. ಅದರ ಬೆನ್ನಿಗೆ ತಗಡಿನ ಮಾಡಿನ ಹಳೆಯ ಹಾಲು, ನಾಲ್ಕು ಫ್ಯಾನು, ತಮಿಳು ಆರಾಧನೆ. ಇಂಗ್ಲಿಷಿನವರು ದೇವರನ್ನು ಬೆಳಿಗ್ಗೆ ಒಂಬತ್ತಕ್ಕೆ ಕಾಣುತ್ತಾರೆ. ತಮಿಳಿನವರಿಗೆ ದೇವರು ಸಿಗುವುದು ಮಧ್ಯಾಹ್ನ ಎರಡಕ್ಕೆ, ತಗಡು ಕಾದು ಕೆಂಡವಾದ ಮೇಲೆ.

ಹೊಸ ಕಟ್ಟಡದ ಪಡಸಾಲೆಯ ಗೋಡೆಗೆ ಇತಿಹಾಸವನ್ನು ಹಚ್ಚಿದ್ದರು. ವಾರ್ಷಿಕೋತ್ಸವಕ್ಕೆಂದು ಮಾಡಿಸಿದ ಬಣ್ಣದ ಫಲಕಗಳು. ಓದಿದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ನಗರದ ಬ್ಯಾಪ್ಟಿಸ್ಟ್ ಸಭೆಯಿಂದ ಇಬ್ಬರು ಪಾದ್ರಿಗಳು ಬಂದರು. ಅಂಗಡಿಯೊಂದರ ಮಾಳಿಗೆಯಲ್ಲಿ ಪ್ರಾರ್ಥನೆ ಶುರುಮಾಡಿದರು. ಆಮೇಲೆ ಹಾಲು ಕಟ್ಟಿದರು. ಆಮೇಲೆ ಗಾಜಿನ ಕಟ್ಟಡ ಬಂತು. ಆ ಪಾದ್ರಿಗಳ ಹೆಸರು, ಅವರ ಹೆಂಡಂದಿರ ಹೆಸರು, ಅವರ ನಾಯಿಯ ಹೆಸರು ಕೂಡ ಇತ್ತು. ಹಾಲು ಕಟ್ಟಲು ಇಟ್ಟಿಗೆ ಹೊತ್ತ ರಬ್ಬರ್ ತೋಟದ ತಮಿಳರು ಸಾಲಾಗಿ ನಿಂತ ಚಿತ್ರವೂ ಇತ್ತು. ಅದರ ಕೆಳಗೆ "ಸ್ಥಳೀಯ ಸಹೋದರರು" ಎಂದು ಬರೆದಿತ್ತು. ನಾಯಿಗೆ ಸಿಕ್ಕ ಮನ್ನಣೆ ಸಹೋದರರಿಗೆ ಸಿಕ್ಕಿರಲಿಲ್ಲ.

"ನೀ ಎಲ್ಲಿದ್ದಿ?" ಎಂದು ತಂಗಿಯನ್ನು ಕೇಳಿದೆ.

ಕರುಣಾ ಒಂದು ಚಿತ್ರವನ್ನು ತೋರಿಸಿದಳು. ಭಾನುವಾರದ ಊಟದ ಚಿತ್ರ. ಅಮೆರಿಕದ ಪಾದ್ರಿ ತಟ್ಟೆ ಹಿಡಿದು ನಗುತ್ತಿದ್ದರು. ಚಿತ್ರದ ಅಂಚಿನಿಂದ ಒಂದು ಬಲಗೈ ಸೌಟು ಹಿಡಿದು ಒಳಬಂದಿತ್ತು. ಬಳೆಯಿಂದ ಗುರುತು ಹಿಡಿದೆ. ಸಭೆಯ ಇತಿಹಾಸದಲ್ಲಿ ನನ್ನ ತಂಗಿ ಮೊಣಕೈವರೆಗೆ ಇದ್ದಳು.

ಇದು ಬರೆದವರ ಮರೆವಲ್ಲ, ನಿಯಮ. ಬ್ಯಾಪ್ಟಿಸ್ಟರ ಪದ್ಧತಿಯನ್ನು ಓದುಗರಿಗೆ ಇಲ್ಲಿ ತಿಳಿಸಬೇಕು. ಇವರಲ್ಲಿ ಕೂಸುಗಳಿಗೆ ದೀಕ್ಷಾಸ್ನಾನವಿಲ್ಲ. ಬುದ್ಧಿ ಬಂದು, ತಾನೇ ನಂಬಿ, ತಾನೇ ಬಾಯಿಬಿಟ್ಟು ಹೇಳಿ, ಆಮೇಲೆ ಮೈಯೆಲ್ಲ ನೀರಿನಲ್ಲಿ ಮುಳುಗಬೇಕು. ಹಾಗೆ ಮುಳುಗಿ ಎದ್ದವರೇ ಸದಸ್ಯರು. ಇವರಿಗೆ ಬಿಷಪ್ಪನಿಲ್ಲ, ಮೇಲಿನ ಕಚೇರಿಯಿಲ್ಲ. ಎಲ್ಲವನ್ನೂ ಸದಸ್ಯರೇ ಕೂತು ಕೈಯೆತ್ತಿ ತೀರ್ಮಾನಿಸುತ್ತಾರೆ. ಕೇಳಲು ಬಹಳ ಸೊಗಸು. ಬೆಟಗೇರಿಯ ನಮ್ಮ ಚರ್ಚು ಜರ್ಮನ್ ಪಾದ್ರಿಗಳ ಕಾಲದ್ದು. ಅಲ್ಲಿ ಕೂಸಿನ ನೆತ್ತಿಗೆ ಮೂರು ಸಲ ನೀರು ಚಿಮುಕಿಸಿ ಹೆಸರಿಟ್ಟರೆ ಮುಗಿಯಿತು. ಕರುಣಾಳಿಗೆ ಆದದ್ದು ಅದು. ಇವರ ಲೆಕ್ಕದಲ್ಲಿ ಅದು ದೀಕ್ಷಾಸ್ನಾನವಲ್ಲ, ತಲೆ ಒದ್ದೆಯಾದದ್ದು ಅಷ್ಟೇ.

ಮದುವೆಯಾಗಿ ಬಂದಾಗಲೇ ಮುಳುಗು ಎಂದರು. ಒಮ್ಮೆ ಆಗಿದೆ, ಎರಡನೆಯ ಸಲ ಯಾಕೆ ಎಂದಳು. ಅಂದಿನಿಂದ ಈ ನಲವತ್ತು ವರ್ಷ ಆ ಹಾಲಿನಲ್ಲಿ ಕಸ ಗುಡಿಸಿದ್ದಾಳೆ, ತಮಿಳು ಕಲಿತು ತಮಿಳು ಮಕ್ಕಳಿಗೆ ಭಾನುವಾರದ ಪಾಠ ಹೇಳಿದ್ದಾಳೆ, ಪ್ರತಿ ವಾರ ಊಟ ಬೇಯಿಸಿದ್ದಾಳೆ. ಆದರೆ ಸದಸ್ಯಳಲ್ಲ. ಈಗ ಅದೇ ಹಾಲನ್ನು ಕೆಡವಿ ಕಾರು ನಿಲ್ಲಿಸಬೇಕೋ ಬೇಡವೋ ಎಂದು ಭಾನುವಾರ ತೀರ್ಮಾನ. ಕಾರಿಗಾಗಿ ಹಾಲು ಬಿದ್ದರೆ ತಮಿಳು ಆರಾಧನೆಯನ್ನು ಇಂಗ್ಲಿಷಿನಲ್ಲಿ "ವಿಲೀನ" ಮಾಡುತ್ತಾರಂತೆ. ವಿಲೀನ ಎಂಬ ಮಾತನ್ನು ನಾನು ಸಂಸ್ಥಾನಗಳ ಪಾಠದಲ್ಲಿ ಕಲಿಸಿದ್ದೇನೆ. ಅದರ ಅರ್ಥ ನನಗೆ ಗೊತ್ತು.

ಪಾಸ್ಟರ್ ಡೇನಿಯಲ್ ನಮ್ಮನ್ನು ಕಂಡು ಬಂದರು. ನಲವತ್ತರ ಆಸುಪಾಸಿನ ತಮಿಳರು, ಅಮೆರಿಕದಲ್ಲಿ ಓದಿದವರು, ಬಹಳ ಒಳ್ಳೆಯವರು. ಅವರ ಒಳ್ಳೆಯತನವನ್ನೇ ನನಗೆ ತಡೆಯಲಾಗಲಿಲ್ಲ.

"ಅಂಕಲ್, ಆಂಟಿ ನಮಗೆಲ್ಲ ತಾಯಿ ಇದ್ದ ಹಾಗೆ," ಎಂದರು ಇಂಗ್ಲಿಷಿನಲ್ಲಿ. "ನನಗೆ ಬೈಬಲ್ ಕತೆ ಹೇಳಿದ್ದೇ ಇವರು. ಆದರೆ ರೂಲ್ಸ್ ರೂಲ್ಸೇ, ಲಾ. ನಾನೊಂದು ಹೇಳ್ತೀನಿ. ನಾಳೆ ಸಂಜೆ ಟ್ಯಾಂಕಿಗೆ ನೀರು ಬಿಡಿಸ್ತೀನಿ. ಐದು ನಿಮಿಷದ ಕೆಲಸ. ಭಾನುವಾರ ಆಂಟಿನೂ ಕೈ ಎತ್ತಬಹುದು."

ಆ ಟ್ಯಾಂಕು ಹಳೆಯ ಹಾಲಿನ ವೇದಿಕೆಯ ಕೆಳಗಿದೆ. ಹಲಗೆ ಸರಿಸಿದರೆ ಮೆಟ್ಟಿಲು, ಹಸಿರು ಟೈಲ್ಸು, ಎದೆಮಟ್ಟದ ಆಳ. ಹಾಲಿನ ಜೊತೆಗೆ ಅದೂ ಹೋಗುವುದಿತ್ತು. ಅಂದರೆ ಅದನ್ನು ಉಳಿಸಲು ಕೈಯೆತ್ತಬೇಕಾದರೆ ಮೊದಲು ಅದರಲ್ಲಿ ಮುಳುಗಬೇಕು.

ಸಂಜೆ ಮನೆಗೆ ಜ್ಞಾನಮುತ್ತು ಬಂದರು. ಬಂದರಿನಲ್ಲಿ ಕ್ರೇನು ಓಡಿಸಿ ನಿವೃತ್ತರಾದ ತಮಿಳರು, ತಮಿಳು ಆರಾಧನೆಯ ಹಿರಿಯರು. ಕರುಣಾಳಿಗಿಂತ ದೊಡ್ಡವರಾದರೂ ಅಕ್ಕಾ ಎನ್ನುತ್ತಾರೆ. ತಮಿಳಿನಲ್ಲಿ ಗೋಗರೆದರು. "ಅಕ್ಕಾ, ಒಂದೇ ಒಂದು ಮುಳುಗು. ಕಣ್ಣು ಮುಚ್ಚಿ ಮುಳುಗಿ ಏಳಿ. ನೀವು ಮುಳುಗಿದರೆ ನಮ್ಮ ಕಡೆ ಇನ್ನೂ ಹತ್ತು ಜನ ಎದ್ದು ನಿಲ್ತಾರೆ."

"ಮುತ್ತಣ್ಣಾ, ಬಂದರಿನಲ್ಲಿ ಒಮ್ಮೆ ಇಳಿಸಿದ ಪೆಟ್ಟಿಗೆಯನ್ನು ಮತ್ತೆ ಹಡಗಿಗೆ ಏರಿಸಿ ಮತ್ತೆ ಇಳಿಸ್ತಿದ್ರಾ ನೀವು?" ಎಂದಳು ಕರುಣಾ. ಅವರು ಚಹ ಕುಡಿದು ಹೋದರು.

ಆಮೇಲೆ ನಾನು ಅವಳ ಬೆನ್ನು ಹತ್ತಿದೆ. ನಾನು ಅಂಥ ಭಕ್ತನಲ್ಲ. ನೀರು ಎಷ್ಟು ಎಂಬುದರ ಮೇಲೆ ದೇವರು ಲೆಕ್ಕ ಇಡುತ್ತಾನೆಂದು ನನಗೆ ತೋರುವುದಿಲ್ಲ. "ಮುಳುಗಿ ಬಿಡು ಮಾರಾಯ್ತಿ," ಎಂದೆ. "ಅವರ ನಿಯಮದಾಗ ಅವರನ್ನ ಹೊಡಿ. ಮೈ ಒರಸ್ಕೊಂಡು ವೋಟು ಹಾಕಿ ಬಾ."

ಕರುಣಾ ಮೆಂತ್ಯ ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಮ್ಮ ಅಪ್ಪ ನನ್ನ ಎತ್ಕೊಂಡು ಚರ್ಚ್‌ನಾಗ ನಿಂತಿದ್ದ. ಅವ್ವ ಸೀರಿ ಸೆರಗ ನನ್ನ ತಲಿ ಒರಸಿದ್ಲು. ಅದು ಸುಳ್ಳೇನ ಅಣ್ಣಾ?"

"ಸುಳ್ಳಂತ ಯಾರಂದ್ರು?"

"ಮುಳುಗಿದ್ರ ನಾನ ಅಂದಂಗ. ಇಲ್ಲಿ ತನಾ ನಾ ಕ್ರೈಸ್ತಾಕಿ ಆಗಿರ್ಲಿಲ್ಲ, ನಿನ್ನೆ ಆದೆ ಅಂತ ಎಲ್ಲಾರ ಮುಂದ ಒಪ್ಕೊಂಡಂಗ. ನಲವತ್ತ ವರ್ಷ ಆ ಹಾಲಿನಾಗ ಪ್ರಾರ್ಥನಿ ಮಾಡಿದಾಕಿ ಯಾರಾಗಿದ್ಲು ಹಂಗಾರ? ಅಡಗಿಯಾಕಿ?"

"ಮತ್ತ ಹಾಲು ಹೋದ್ರ?"

"ಹೋಗ್ಲಿ. ನನ್ನ ಬಾಯಿಲೇ ಅವ್ವನ್ನ ಸುಳ್ಳುಗಾರ್ತಿ ಮಾಡಿಸಿ ಉಳಿಯೋ ಹಾಲು ಬ್ಯಾಡ ನನಗ."

ನನಗೆ ಅವಳ ಮೇಲೂ ಸಿಟ್ಟು ಬಂತು. ಊಟಕ್ಕೆ ಕೂತಾಗ ಮೂವರೂ ಮೂರು ದಿಕ್ಕಿಗೆ ಮುಖ ಮಾಡಿ ಮೆಂತ್ಯದ ಪಲ್ಯ ತಿಂದೆವು.

ಶನಿವಾರ ಸಭೆಯ ಇನ್ನೊಬ್ಬ ಅತಿಥಿಯ ಪರಿಚಯವಾಯಿತು. ಜಾರ್ಜಿಯಾದ ಆ ತಾಯಿ ಸಭೆಯಿಂದ ಶುಭಾಶಯ ಹೊತ್ತು ಬಂದಿದ್ದ ಡೀಕನ್, ಎಂದರೆ ಸಭೆಯ ಸೇವಾಧಿಕಾರಿ, ವೇಯ್ನ್. ನನ್ನಷ್ಟೇ ವಯಸ್ಸಿನ ಬಿಳಿಯ, ತಲೆಗೆ ಒಣಹುಲ್ಲಿನ ಟೋಪಿ. ಇತಿಹಾಸದ ಮೇಷ್ಟರು ಎಂದು ತಿಳಿದು ತಾವೇ ಬಂದು ಕೈಹಿಡಿದರು. ತಮ್ಮ ಸಭೆಯ ಇತಿಹಾಸವನ್ನು ತಾವೇ ಬರೆಯುತ್ತಿದ್ದಾರಂತೆ. ಇಬ್ಬರೂ ಲೋಕಲ್ ರೈಲು ಹಿಡಿದು ಬಂದರಿಗೆ ಹೋದೆವು. ಟಿಕೆಟ್ಟು ಒಂದೆರಡು ರಿಂಗಿಟ್, ಏಸಿ ಮಾತ್ರ ಹತ್ತು ರಿಂಗಿಟ್‌ಗೆ ಆಗುವಷ್ಟು. ಕ್ರೇನುಗಳು ಜಿರಾಫೆಗಳಂತೆ ಕತ್ತು ಎತ್ತಿ ನಿಂತಿದ್ದವು. ಮಧ್ಯಾಹ್ನ ಆಕಾಶ ಒಮ್ಮೆಲೆ ಕಪ್ಪಾಗಿ ಮಳೆ ಹುಯ್ಯಿತು. ಓಡಿ ಒಂದು ಮಾಮಕ್ ಅಂಗಡಿ ಹೊಕ್ಕೆವು. ಮಾಮಕ್ ಎಂದರೆ ತಮಿಳು ಮುಸಲ್ಮಾನರ ಹೋಟೆಲು. ಪದರು ಪದರಾದ ರೊಟ್ಟಿ, ಬೇಳೆ ಸಾರು, ಮೇಲಿಂದ ಕೆಳಗೆ ಎಳೆದು ನೊರೆ ಎಬ್ಬಿಸಿದ ಚಹ.

ಅಲ್ಲಿ ವೇಯ್ನ್ ತಮ್ಮ ಸಭೆಯ ಕತೆ ಹೇಳಿದರು. ಹಳೆಯ ಕಾಲದಲ್ಲಿ ಹತ್ತಿಯ ವ್ಯಾಪಾರಿಗಳು ಕಟ್ಟಿದ ಚರ್ಚು. ಅವರ ಗುಲಾಮರೂ ಅದೇ ಸಭೆಯವರು. ಒಡೆಯನೂ ಗುಲಾಮನೂ ಮುಳುಗಿದ್ದು ಒಂದೇ ನದಿಯಲ್ಲಿ, ಒಬ್ಬನೇ ಪಾದ್ರಿಯ ಕೈಯಲ್ಲಿ. ಆಮೇಲೆ ಒಡೆಯ ಕೆಳಗೆ ಕೂರುತ್ತಿದ್ದ, ಗುಲಾಮ ಪಕ್ಕದ ಮೆಟ್ಟಿಲು ಹತ್ತಿ ಮೇಲಿನ ಅಟ್ಟದಲ್ಲಿ.

"ಅವರು ಸಭೆಯಲ್ಲಿ ಕೈಯೆತ್ತುತ್ತಿದ್ದರೇ?" ಎಂದು ಕೇಳಿದೆ.

"ಇಲ್ಲ," ಎಂದರು ವೇಯ್ನ್. ಮುಚ್ಚಿಡಲಿಲ್ಲ. "ಸದಸ್ಯರ ಪಟ್ಟಿಯಲ್ಲಿ ಹೆಸರಿತ್ತು, ಮಾತಿರಲಿಲ್ಲ. ಗುಲಾಮಗಿರಿ ಹೋದ ಮೇಲೆ ಒಂದು ಭಾನುವಾರ ಎಲ್ಲರೂ ಅಟ್ಟದಿಂದ ಇಳಿದು ಹೋದರು. ನಾಲ್ಕು ಬೀದಿ ಆಚೆ ತಮ್ಮದೇ ಚರ್ಚು ಕಟ್ಟಿಕೊಂಡರು. ನಮ್ಮ ಹಿರಿಯರು ಅವತ್ತು ಪುಸ್ತಕದಲ್ಲಿ ಏನು ಬರೆದರು ಗೊತ್ತೇ? 'ನಮ್ಮ ಕರಿಯ ಸಹೋದರರು ಸಂತೋಷದಿಂದ ಬೀಳ್ಕೊಂಡರು.' ಸಂತೋಷದಿಂದ! ನಾನು ಈಗ ಆ ಮಾತನ್ನು ತಿದ್ದುತ್ತಿದ್ದೇನೆ. ನಾಚಿಕೆಯಿಂದ ತಿದ್ದುತ್ತಿದ್ದೇನೆ."

ಹೇಳುವಾಗ ಅವರ ಕಣ್ಣು ತುಂಬಿದ್ದವು. ನನಗೆ ಅವರ ಮೇಲೆ ಗೌರವ ಹುಟ್ಟಿತು. ನನ್ನ ತಂಗಿಯ ಸಂಗತಿ ಹೇಳಿದೆ. ತಲೆ ಅಲ್ಲಾಡಿಸಿ ಅಲ್ಲಾಡಿಸಿ ಕೇಳಿದರು. ಅಮೆರಿಕದ ಹೃದಯವಂತನೊಬ್ಬ ನಮ್ಮ ಕಡೆ ಸಿಕ್ಕ ಎಂದು ಹಿಗ್ಗಿ ಅವರ ರೊಟ್ಟಿಯ ಬಿಲ್ಲನ್ನೂ ನಾನೇ ಕೊಟ್ಟೆ. ಈ ಪ್ರವಾಸದಲ್ಲಿ ನಾನು ಮಾಡಿದ ದಂಡದ ಖರ್ಚು ಅದೊಂದೇ.

ಭಾನುವಾರದ ಸಭೆ ಗಾಜಿನ ಕಟ್ಟಡದಲ್ಲಿ. ಬಾಗಿಲಲ್ಲಿ ಸದಸ್ಯರಿಗೆ ಹಳದಿ ಕಾರ್ಡು ಕೊಟ್ಟರು, ಎತ್ತಿ ತೋರಿಸಲು. ಲಿಡಿಯಾಳಿಗೆ ಒಂದು ಸಿಕ್ಕಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಆ ಹಸಿರು ಟ್ಯಾಂಕಿನಲ್ಲೇ ಮುಳುಗಿದವಳು. ಆ ದಿನ ಟವೆಲು ಹಿಡಿದು ಮೆಟ್ಟಿಲಲ್ಲಿ ನಿಂತಿದ್ದವಳು ಕರುಣಾ. ಕರುಣಾಳಿಗೆ, ನನಗೆ, ವೇಯ್ನ್ ಅವರಿಗೆ ಕಾರ್ಡಿಲ್ಲ. ಹಿಂದಿನ ಸಾಲಿನಲ್ಲಿ "ಅತಿಥಿಗಳು" ಎಂದು ಚೀಟಿ ಹಚ್ಚಿದ ಕುರ್ಚಿಗಳು. ನಲವತ್ತು ವರ್ಷದ ಅತಿಥಿಯ ಪಕ್ಕ ನಾಲ್ಕು ದಿನದ ಅತಿಥಿಗಳು ಕೂತೆವು.

ಪಾಸ್ಟರ್ ಡೇನಿಯಲ್ ಅಧ್ಯಕ್ಷತೆ ವಹಿಸಿದರು. ಪ್ರಾರ್ಥನೆಯಾಯಿತು. ಪರದೆಯ ಮೇಲೆ ಕಾರು ನಿಲ್ಲುವ ನಕ್ಷೆ ಬಂತು. ಬಿಳಿ ಗೆರೆಗಳ ನಡುವೆ ಒಂದೊಂದೂ ಚೊಕ್ಕವಾಗಿ. ಆರಾಧನೆಯ ಜಾಗಕ್ಕಿಂತ ಕಾರುಗಳ ಜಾಗ ಹೆಚ್ಚು ಭಕ್ತಿಯಿಂದ ಬರೆದಂತಿತ್ತು. ಚರ್ಚೆ ಶುರುವಾದಾಗ ಕರುಣಾ ಎದ್ದು ನಿಂತಳು.

"ಆಂಟಿ, ಸಾರಿ," ಎಂದರು ಪಾಸ್ಟರ್, ನಿಜವಾಗಿಯೂ ನೊಂದ ದನಿಯಲ್ಲಿ. "ಸದಸ್ಯರಲ್ಲದವರು ಮಾತಾಡುವ ಹಾಗಿಲ್ಲ."

ಜ್ಞಾನಮುತ್ತು ಎದ್ದರು. ಕರುಣಾ ಅಕ್ಕ ಎರಡು ಮಾತಾಡಲು ಸಭೆ ಅನುಮತಿ ಕೊಡಲಿ ಎಂದು ಸೂಚಿಸಿದರು. ಒಳ್ಳೆಯದು, ಅದಕ್ಕೂ ಮತ ಹಾಕೋಣ ಎಂದರು ಪಾಸ್ಟರ್. ತಮಿಳು ಸಾಲುಗಳಲ್ಲಿ ಹಳದಿ ಕಾರ್ಡು ಎದ್ದವು. ಲಿಡಿಯಾಳ ಕಾರ್ಡೂ ಎದ್ದಿತು, ಅದನ್ನು ಹೇಳಲೇಬೇಕು. ಉಳಿದ ಸಾಲುಗಳು ಕೂತೇ ಇದ್ದವು. ಯಾರ ಮುಖದಲ್ಲೂ ದ್ವೇಷವಿರಲಿಲ್ಲ. ಒಬ್ಬಾಕೆ ಹಿಂದೆ ತಿರುಗಿ ಕರುಣಾಳಿಗೆ ಕೈಯಿಂದ ಹೃದಯದ ಚಿಹ್ನೆ ಮಾಡಿ ತೋರಿಸಿದಳು, ಕಾರ್ಡನ್ನು ತೊಡೆಯ ಮೇಲೇ ಇಟ್ಟುಕೊಂಡು. ಪ್ರೀತಿಯಿಂದಲೇ ನನ್ನ ತಂಗಿಯ ಬಾಯಿ ಮುಚ್ಚಿದರು.

ನಾನು ವೇಯ್ನ್ ಅವರ ಕಡೆ ನೋಡಿದೆ. "ಈಗ ಹೇಳಿ," ಎಂದೆ ಮೆಲ್ಲಗೆ. "ಅಟ್ಟದ ಕತೆ ಹೇಳಿ. ಅತಿಥಿಗೆ ಶುಭಾಶಯ ಹೇಳುವ ಅವಕಾಶ ಇದೆ."

"ಒಂದು ಸಭೆ ಇನ್ನೊಂದು ಸಭೆಯ ಕೆಲಸದಲ್ಲಿ ಕೈಹಾಕುವುದಿಲ್ಲ," ಎಂದು ಅವರು ಟೋಪಿಯನ್ನು ಮಂಡಿಯ ಮೇಲೆ ತಿರುಗಿಸಿದರು. "ಅದು ಬ್ಯಾಪ್ಟಿಸ್ಟರ ತತ್ತ್ವ."

ಸತ್ತವರ ಬಗ್ಗೆ ಇಷ್ಟು ನ್ಯಾಯವಂತರಾದವರು ಬದುಕಿದವಳ ಪಕ್ಕದಲ್ಲೇ ಕೂತು ತತ್ತ್ವ ಹೇಳಿದರು.

ನಾನು ಶಾಂತ ಸ್ವಭಾವದವನೆಂದು ಗದಗಿನಲ್ಲಿ ಹೆಸರಿದೆ. ಅದು ಅವತ್ತಿಗೆ ಮುಗಿಯಿತು. ಎದ್ದು ನಿಂತೆ. ಬಾಯಿಗೆ ಇಂಗ್ಲಿಷು ಬರಲಿಲ್ಲ. ಸಿಟ್ಟಿಗೆ ಬೆಟಗೇರಿಯ ಭಾಷೆಯೊಂದೇ ಗೊತ್ತು.

"ಏನ್ ಮಂದೀರಿ ನೀವು?" ಎಂದು ಕೂಗಿದೆ. "ನಿಮ್ಮ ಮಕ್ಕಳ ಮೂಗು ಒರಸಿದಾಕಿ ಈಕಿ, ನಿಮ್ಮ ಸತ್ತವರ ಮುಂದ ಕುಂತು ಬೆಳಕ ಹರಿಸಿದಾಕಿ! ಎರಡು ಮಾತ ಆಡ್ತೀನಂದ್ರ ಕೈ ಮ್ಯಾಲ ಏಳಂಗಿಲ್ಲ? ಆಕಿ ನೀಡಿದ್ದು ಉಂಡ ಕೈ ಅವು! ನೀರಾಗ ಮುಳುಗಿದ್ದು ನಿಮ್ಮ ಮೈ ಅಷ್ಟ. ನಾಚಿಕಿ ಅಲ್ಲೇ ತಳದಾಗ ಬಿಟ್ಟು ಎದ್ದು ಬಂದೀರಿ!"

ತಾಯಿ ಮಗಳನ್ನು ಬಿಟ್ಟು ಒಬ್ಬರಿಗೂ ಒಂದಕ್ಷರ ತಿಳಿದಿರಲಿಲ್ಲ. ಪಾಸ್ಟರ್ ಗೌರವದಿಂದ, "ಲಿಡಿಯಾ, ಅಂಕಲ್ ಏನಂದರು, ದಯವಿಟ್ಟು ಅನುವಾದ ಮಾಡ್ತೀಯಾ?" ಎಂದರು.

ಲಿಡಿಯಾ ಎದ್ದಳು. ನನ್ನನ್ನು ನೋಡಿದಳು, ತಾಯಿಯನ್ನು ನೋಡಿದಳು. ಸ್ವಚ್ಛ ಇಂಗ್ಲಿಷಿನಲ್ಲಿ ಹೇಳಿದಳು: "ಮಾಮನಿಗೆ ಇಲ್ಲಿಗೆ ಬಂದದ್ದು ಬಹಳ ಸಂತೋಷವಾಗಿದೆಯಂತೆ. ಸಭೆಯ ಆದರಾತಿಥ್ಯಕ್ಕೆ ಕೃತಜ್ಞತೆ ಹೇಳಿದರು."

ಜೋರಾಗಿ ಚಪ್ಪಾಳೆ ಬಿತ್ತು. ನಾನು ಚಪ್ಪಾಳೆಯಲ್ಲಿ ಮುಳುಗಿ ಕೂತೆ. ಆಮೇಲೆ ಹಾಲಿನ ಮತ ಆಯಿತು. ಹಳದಿ ಕಾರ್ಡು ಸೂರ್ಯಕಾಂತಿಯ ಹೊಲದಂತೆ ಎದ್ದವು. ಲಿಡಿಯಾಳದೂ ಎದ್ದಿತು. ಹಾಲು ಬಿತ್ತು.

ಅಂದು ಮಧ್ಯಾಹ್ನ ಎರಡಕ್ಕೆ ತಮಿಳು ಆರಾಧನೆಯ ಕೊನೆಯಲ್ಲಿ ಜ್ಞಾನಮುತ್ತು, ಮುಂದಿನ ವಾರದಿಂದ ನಾವು ಬರುವುದಿಲ್ಲ ಎಂದು ಹೇಳಿದರು. ಯಾರೂ ಕೈಯೆತ್ತಲಿಲ್ಲ. ಎಲ್ಲರೂ ಎದ್ದರು.

ಸೋಮವಾರ ಕರುಣಾ ತನ್ನ ಪಾತ್ರೆಗಳನ್ನು ತರಲು ಹೋದಳು. ನಾನೂ ಹೋದೆ, ಜ್ಞಾನಮುತ್ತು ತಮ್ಮ ಹಳೆಯ ವ್ಯಾನು ತಂದಿದ್ದರು. ಹಾಲಿನ ಹಿಂದಿನ ಅಡುಗೆ ಕೋಣೆಯಲ್ಲಿ ಎರಡು ದೊಡ್ಡ ತಾಮ್ರದ ಹಂಡೆ, ಮದುವೆಯಲ್ಲಿ ನಮ್ಮವ್ವ ಕೊಟ್ಟಂಥವು. ಹಡಗಿನಲ್ಲಿ ಬಂದಿದ್ದವು. ಪಾಸ್ಟರ್ ಡೇನಿಯಲ್ ಬಾಗಿಲಿಗೆ ಬಂದರು.

"ಆಂಟಿ, ಅಡುಗೆ ಮನೆಯ ಸಾಮಾನು ಸಭೆಯ ಆಸ್ತಿ ಅಂತ ಕಮಿಟಿಯವರು ಹೇಳ್ತಾರೆ. ಒಂದು ಮಾತು ಕೇಳಿ ಆಮೇಲೆ..."

ಕರುಣಾ ಸೊಂಟಕ್ಕೆ ಸೆರಗು ಸಿಕ್ಕಿಸಿದ್ದಳು. ಪಾಸ್ಟರಿಗೆ ತಿಳಿಯಲಿ ಎಂದು ತಮಿಳಿನಲ್ಲೇ ಹೇಳಿದಳು: "ಸಭೆ ಅಂದರೆ ಮೆಂಬರುಗಳು. ನೀನೇ ನಿನ್ನೆ ಹೇಳಿದೆ. ನಾನು ಮೆಂಬರಲ್ಲ. ನನ್ನ ಜೊತೆ ಬಂದ ಈ ಹಂಡೆನೂ ಮೆಂಬರಲ್ಲ. ಹಾಗೆ ನೋಡಿದರೆ ಇದು ವಾರಾ ವಾರಾ ಪೂರ್ತಿ ನೀರಲ್ಲಿ ಮುಳುಗಿದೆ ಕಣಪ್ಪಾ. ಇದಕ್ಕಾದರೂ ಒಂದು ಕಾರ್ಡು ಕೊಡಬೇಕಿತ್ತು."

ಪಾಸ್ಟರ್ ಬಾಗಿಲಿನಿಂದ ಸರಿದರು. ಅಷ್ಟೇ ಅಲ್ಲ, ಹಂಡೆಯ ಇನ್ನೊಂದು ಕಡಗ ಹಿಡಿದು ವ್ಯಾನಿನವರೆಗೆ ಹೊತ್ತೂ ಕೊಟ್ಟರು. ಹೇಳಿದೆನಲ್ಲ, ಬಹಳ ಒಳ್ಳೆಯವರು. ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಲಿಡಿಯಾಳ ಜೊತೆ ನಾನು ಎರಡು ದಿನ ಮಾತು ಬಿಟ್ಟೆ. ಬುಧವಾರ ಅವಳೇ ನನ್ನನ್ನು ಸೈಬರ್‌ಜಯಾಕ್ಕೆ ಕರೆದುಕೊಂಡು ಹೋದಳು. ಅಗಲವಾದ ರಸ್ತೆ, ಕೆತ್ತಿಟ್ಟಂಥ ಹುಲ್ಲು, ಕಿಟಕಿಯಿಲ್ಲದ ದೊಡ್ಡ ಕಟ್ಟಡಗಳು. ನಡೆಯುವ ಮನುಷ್ಯ ಮಾತ್ರ ಒಬ್ಬನೂ ಇಲ್ಲ. ಕ್ಯಾಂಟೀನಿನಲ್ಲಿ ನನ್ನ ಮುಂದೆ ನೂಡಲ್ಸು ಇಟ್ಟು ಹೇಳಿದಳು.

"ಮಾಮಾ, ನೀವು ಗದಗಿಗೆ ಹೋಗ್ತೀರಿ, ಲಾ. ಅಮ್ಮ ಇಲ್ಲೇ ಇರಾಕಿ. ನೀವಂದಿದ್ದು ಹಂಗ ಟ್ರಾನ್ಸ್‌ಲೇಟ್ ಮಾಡಿದ್ರ ನಾಳೆ ಆಕಿ ಕೂಡ ಯಾರ ಮಾತಾಡ್ತಿದ್ರು?"

"ವೋಟು ಯಾಕ ಹಾಕ್ದಿ ಹಂಗಾರ?"

"ಯಾಕಂದ್ರ ನಂಗ ಸಿಟ್ಟು. ಒಂದ ಒಂದು ಸಲ ಮುಳುಗಿದ್ರ ಆಕೀನ ಈ ಚರ್ಚ್ ನಡಸ್ತಿದ್ಲು. ನಾ ಸಣ್ಣಾಕಿ ಇದ್ದಾಗಿಂದ ನೋಡೀನಿ, ಎಲ್ಲಾರೂ ಬ್ರೆಡ್ ತಗೊಳ್ಳೋ ಮುಂದ ಆಕಿ ಸುಮ್ನ ಕುಂತಿರ್ತಿದ್ಲು. ಪ್ಲೇಟ್ ಆಕಿ ಮುಂದಿಂದ ಪಾಸ್ ಆಗ್ತಿತ್ತು. ಆ ಹಾಲ್ ಹೋದ್ರ ಛಲೋ ಆತು ಅನಿಸ್ತು."

ಇದು ನನಗೆ ಗೊತ್ತಿರಲಿಲ್ಲ. ಸದಸ್ಯರಿಗೆ ಮಾತ್ರ ಹಂಚುವ ಪ್ರಭುಭೋಜನದ ಪವಿತ್ರ ರೊಟ್ಟಿಯೂ ಅವಳಿಗೆ ಇರಲಿಲ್ಲವೆಂದು ಕರುಣಾ ಊರಿಗೆ ಎಂದೂ ಹೇಳಿರಲಿಲ್ಲ. ನೂಡಲ್ಸಿನ ತಟ್ಟೆಯನ್ನು ಅತ್ತ ಸರಿಸಿದೆ. ಲಿಡಿಯಾ ಅದನ್ನು ಪೊಟ್ಟಣ ಕಟ್ಟಿಸಿದಳು.

ಮುಂದಿನ ಭಾನುವಾರ ಸಂಜೆ ನನ್ನ ವಿಮಾನ. ಅಂದು ಬೆಳಿಗ್ಗೆಯೇ ಕರುಣಾ ಮಗಳನ್ನು ಎಬ್ಬಿಸಿ, "ಕಾರು ತಗದು ಬೀದ್ಯಾಗ ಹಚ್ಚು, ಮಂದಿ ಬರ್ತಾರ," ಎಂದಳು. ಈ ದೇಶದ ಸಾಲುಮನೆಗಳಿಗೆ ಮುಂದೊಂದು ಚಾವಣಿ ಇಳಿಸಿದ ಅಂಗಳವಿರುತ್ತದೆ, ಕಾರಿಗೆಂದು. ಪಾರ್ಕಿಂಗಿಗೆ ಮತ ಹಾಕಿದ ನನ್ನ ಸೊಸೆ ತನ್ನ ಕಾರಿಗೆ ಜಾಗ ಹುಡುಕುತ್ತ ಬೀದಿಯನ್ನು ಎರಡು ಸುತ್ತು ಹಾಕಿದಳು. ಅವಳ ಬಾಯಿಂದ ಬಂದದ್ದು ಯಾವ ಭಾಷೆಯೋ, ನಾನು ಅನುವಾದ ಮಾಡುವುದಿಲ್ಲ.

ಒಂಬತ್ತು ಗಂಟೆಗೆ ಅಂಗಳ ತುಂಬಿತು. ತಂಪು ಹೊತ್ತಿನಲ್ಲಿ ತಮಿಳಿನಲ್ಲಿ ದೇವರನ್ನು ಕಂಡದ್ದು ಆ ಜನಕ್ಕೆ ಎಷ್ಟೋ ಕಾಲದ ಮೇಲೆ. ಪಕ್ಕದ ಮನೆಯ ಚೀನೀ ಮುದುಕ ಗೋಡೆಯ ಮೇಲಿಂದ ಇಣುಕಿ, ತನ್ನಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದೊಂದಾಗಿ ಎತ್ತಿ ಕೊಟ್ಟ. ಹಾಡಾಯಿತು, ಜ್ಞಾನಮುತ್ತು ಮಾತಾಡಿದರು, ಒಳಗಿನಿಂದ ಹಂಡೆಯ ಸಾರಿನ ವಾಸನೆ ಬರುತ್ತಿತ್ತು. ಎಲ್ಲ ಸರಿಹೋಯಿತು ಎಂದು ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಹಿರಿಯರು ಕುರ್ಚಿಗಳನ್ನು ವೃತ್ತಾಕಾರ ಎಳೆದುಕೊಂಡು ಕೂತರು. ಹೊಸ ಸಭೆಗೆ ನಿಯಮ ಮಾಡಬೇಕಂತೆ.

ಮೊದಲನೆಯ ನಿಯಮಕ್ಕೇ ಜ್ಞಾನಮುತ್ತು ಗಂಟಲು ಸರಿ ಮಾಡಿಕೊಂಡರು. "ಸದಸ್ಯತ್ವ. ನಾವು ಬ್ಯಾಪ್ಟಿಸ್ಟರು. ಮುಳುಗಿದವರೇ ಸದಸ್ಯರು. ಅದನ್ನ ಬಿಟ್ಟರೆ ನಾವು ಯಾರು?" ಎಲ್ಲರೂ ತಲೆಯಾಡಿಸಿದರು. ಆಮೇಲೆ ಎಲ್ಲರಿಗೂ ಒಟ್ಟಿಗೇ ತಾವು ಯಾರ ಅಂಗಳದಲ್ಲಿ ಕೂತಿದ್ದೇವೆಂದು ನೆನಪಾಯಿತು. ಜ್ಞಾನಮುತ್ತು ಅಡುಗೆ ಮನೆಯ ಕಡೆ ತಿರುಗಿ, ದನಿಯನ್ನು ಬೆಣ್ಣೆ ಮಾಡಿ ಕರೆದರು. "ಅಕ್ಕಾ... ಈಗಲಾದರೂ ಒಂದು ಮುಳುಗು... ನಮ್ಮದೇ ಸಭೆ, ಲಾ..."

ನನ್ನ ಕೈ ಕುರ್ಚಿಯ ಕಡೆ ಹೋಯಿತು. ಎಸೆಯುತ್ತಿದ್ದೆನೋ ಏನೋ. ಲಿಡಿಯಾ ನನ್ನ ತೋಳು ಹಿಡಿದು, "ಮಾಮಾ, ಫ್ಲೈಟ್‌ಗೆ ಲೇಟ್ ಆಗ್ತೈತಿ," ಎಂದಳು. ತಾಯಿಯ ಕಡೆ ನೋಡಿ, ಅವತ್ತು ಮೊದಲ ಸಲ, ನಕ್ಕಳು.

ಕರುಣಾ ಸೌಟು ಹಿಡಿದೇ ಹೊರಬಂದಳು. "ನಿಯಮ ಬರೀರಿ ಅಣ್ಣಂದಿರಾ, ಛಂದ ಬರೀರಿ," ಎಂದಳು ತಮಿಳಿನಲ್ಲಿ. "ರೊಟ್ಟಿ ಹಂಚೋ ನಿಯಮ ಬಂದಾಗ ಮಾತ್ರ ನನ್ನ ಕರೀರಿ. ಈ ಮನೆಯಲ್ಲಿ ತಟ್ಟೆ ಯಾರನ್ನೂ ದಾಟಿ ಹೋಗೋದಿಲ್ಲ. ಮುಳುಗದ ಅಡುಗೆಯವಳನ್ನೂ ಸೇರಿಸಿ."

ಅವಳು ನನ್ನ ಕಡೆ ಬಂದು ಒದ್ದೆ ಕೈಯಲ್ಲೇ ನನ್ನ ಕೆನ್ನೆ ಮುಟ್ಟಿದಳು. "ವಿಮಾನ ನಿಲ್ದಾಣಕ್ಕ ಬರಾಕ ಆಗಂಗಿಲ್ಲ ಅಣ್ಣಾ. ಇವರು ಇನ್ನೂ ಉಂಡಿಲ್ಲ. ಮುಟ್ಟಿದ ಕೂಡ್ಲೆ ಫೋನ್ ಮಾಡು."

ಬೀದಿಯ ತುದಿಯಲ್ಲಿ ನಿಂತಿದ್ದ ಕಾರಿನವರೆಗೆ ಬಿಸಿಲಿನಲ್ಲಿ ಪೆಟ್ಟಿಗೆ ಎಳೆದುಕೊಂಡು ನಡೆದೆವು. ಕಾರು ಹತ್ತುವ ಮುಂದೆ ತಿರುಗಿ ನೋಡಿದೆ. ಕರುಣಾ ಅಂಗಳದ ಕಬ್ಬಿಣದ ಗೇಟನ್ನು ಕರಕರ ಎಳೆದು, ಒಳಗಿನಿಂದ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ ಅಡುಗೆ ಮನೆಗೆ ಹೋದಳು. ಹಿರಿಯರು ಪೆನ್ನು ಹಿಡಿದು ಕೂತೇ ಇದ್ದರು. ಸದಸ್ಯಳಲ್ಲದವಳ ಅಪ್ಪಣೆಯಿಲ್ಲದೆ ಒಬ್ಬ ಸದಸ್ಯನೂ ಎದ್ದು ಮನೆಗೆ ಹೋಗುವಂತಿರಲಿಲ್ಲ.